ನೀರಿಗೆ ಬೀಳದ ಕೋರ್ಸು

ತುಮಕೂರು
12 ಜುಲೈ 2024

ತೇಜಕ್ಕನಿಗೆ ಪಲ್ಲವಿಯ ಶರಣು.

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ವಾಟ್ಸಾಪಿನಲ್ಲಿ ಬರೆದರೆ ನೀನು ಓದಿ, ನೀಲಿ ಗೆರೆ ಬರಿಸಿ, ಆಮೇಲೆ ವಾರಗಟ್ಟಲೆ ನಾಪತ್ತೆ. ಫೋನ್ ಮಾಡೋಣವೆಂದರೆ ನಮ್ಮತ್ತೆಯ ಕಿವಿ ಯಾವಾಗಲೂ ಹಾಲ್‌ನಲ್ಲೇ ಇರುತ್ತದೆ. ಹಾಸ್ಟೆಲಿನಲ್ಲಿದ್ದಾಗ ನಾವು ಪುಟಗಟ್ಟಲೆ ಬರೆದುಕೊಳ್ಳುತ್ತಿದ್ದೆವಲ್ಲ, ಕಾಗದಕ್ಕಾದರೂ ನೀನು ಉತ್ತರ ಕೊಟ್ಟೇ ಕೊಡುತ್ತೀಯ ಎಂದು ನಂಬಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಕುಣಿಗಲ್ ದೊಡ್ಡಕೆರೆಯ ಆಚೆ ಬದಿಯಲ್ಲಿ ಹೊಸದೊಂದು ರೆಸಾರ್ಟ್ ಆಗಿದೆ. ಅದರ ಮ್ಯಾನೇಜರ್ ಬಿಂದುಶ್ರೀ ಅಂತ, ಬೆನ್ನುನೋವೆಂದು ನನ್ನ ಕ್ಲಾಸಿಗೆ ಬರುತ್ತಿದ್ದವರು. ನೀನು ಹೊನ್ನಾವರದಲ್ಲಿ ಹೇಳಿಕೊಡುತ್ತೀಯಲ್ಲ, ಗಾಳಿ ತುಂಬಿದ ಉದ್ದನೆಯ ಹಲಗೆಯನ್ನು ನೀರಿಗೆ ಬಿಟ್ಟು, ಹುಟ್ಟು ಹಾಕಿಕೊಂಡು ನಡುನೀರಿಗೆ ಹೋಗಿ, ಅದರ ಮೇಲೇ ನಿಂತು ಆಸನ ಮಾಡಿಸುವುದು, ಅದೇ ಪ್ಯಾಡಲ್‌ಬೋರ್ಡ್ ಯೋಗ ಅವರ ಕೆರೆಯಲ್ಲೂ ಶುರುವಾಗಬೇಕಂತೆ. "ಪಲ್ಲವಿ ಮೇಡಂ, ನೀವೇ ಬನ್ನಿ. ಆದ್ರೆ ಟ್ರೈನಿಂಗ್ ಸರ್ಟಿಫಿಕೇಟ್ ಇಲ್ದೆ ನಾನು ಯಾರನ್ನೂ ಕೆರೆಗೆ ಬಿಡಂಗಿಲ್ಲ" ಅಂದರು.

ಅಕ್ಕ, ನನಗೆ ಈ ಕೆಲಸ ಬೇಕೇ ಬೇಕು. ಇಲ್ಲಿ ನಾನು ಪಾಠ ಮಾಡುವ ಹಾಲ್‌ನ ಮೇಲೆ ಬೋರ್ಡು ಏನಿದೆ ಹೇಳು? 'ಬಸವಪ್ರಭು ಯೋಗ ಕೇಂದ್ರ'. ನಮ್ಮ ಭಾವನ ಹೆಸರು. ಅವರು ಹಿರೇಹಳ್ಳಿ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದು ಮಲಗುವವರು. ಪದ್ಮಾಸನಕ್ಕೂ ಚಕ್ಕಳಮಕ್ಕಳ ಹಾಕುವುದಕ್ಕೂ ಅವರಿಗೆ ವ್ಯತ್ಯಾಸ ಗೊತ್ತಿಲ್ಲ. ಪಾಠವೆಲ್ಲ ನನ್ನದು, ಸನ್ಮಾನವೆಲ್ಲ ಅವರಿಗೆ. ಮೊನ್ನೆ ಯೋಗ ದಿನಾಚರಣೆಯಲ್ಲಿ ಶಾಲು ಹೊದಿಸಿಕೊಂಡವರು ಅವರು, ಕುರ್ಚಿ ಜೋಡಿಸಿದವಳು ನಾನು. ಸಾಕಾಗಿದೆ.

ಮನೆಯಲ್ಲಿ ಮಾವನನ್ನು ಕೇಳಿದೆ. ವೀರಭದ್ರಯ್ಯನವರು ಗೊತ್ತಲ್ಲ, ಮಾತು ಒಂದೇ. "ಕಲಿ ಹೋಗವ್ವ. ಆದ್ರೆ ಕುತ್ಗೇಲಿರೋ ಲಿಂಗ ಮಾತ್ರ ಮೈ ಬುಟ್ಟು ಹೋಗ್‌ಬಾರ್ದು" ಅಂದರು. ಅದು ನನ್ನ ಮನಸ್ಸಿನಲ್ಲೂ ಇದ್ದದ್ದೇ. ಗುಬ್ಬಿಯ ಮಠದಲ್ಲಿ ನಮ್ಮಿಬ್ಬರಿಗೂ ಒಂದೇ ದಿನ ಲಿಂಗದೀಕ್ಷೆ ಆದದ್ದು ನೆನಪಿದೆಯಾ? ಲಿಂಗವಿಡುವ ಬೆಳ್ಳಿ ಕರಡಿಗೆ ಎರಡೂ ಒಂದೇ ಅಚ್ಚಿನವು. ಸ್ನಾನದ ಮನೆಯಲ್ಲಿ ಅದಲುಬದಲಾದಾವೆಂದು ನಿಮ್ಮಮ್ಮ, ನಮ್ಮ ದೊಡ್ಡಮ್ಮ, ನನ್ನ ಶಿವದಾರಕ್ಕೆ ಕೆಂಪು ನೂಲಿನ ಗಂಟು ಹಾಕಿಕೊಟ್ಟಿದ್ದರು. ಅವತ್ತಿನಿಂದ ಇವತ್ತಿನವರೆಗೆ ನಾನು ಅದನ್ನು ಬಿಚ್ಚಿಟ್ಟವಳಲ್ಲ.

ಈಗ ಹೇಳು, ಯಾವ ಕೋರ್ಸಿಗೆ ಸೇರಲಿ? ನೀನು ಕಲಿತ ಹೊನ್ನಾವರದ್ದು ಒಂದು. ಬೆಂಗಳೂರಿನ ಈಜುಕೊಳದಲ್ಲಿ ನಡೆಸುವುದು ಇನ್ನೊಂದು. ಮೂರನೆಯದು ಮೊಬೈಲಿನಲ್ಲೇ ಮುಗಿಯುತ್ತದಂತೆ, ಮಂಚದ ಮೇಲೆ ಕೂತು ನೀರಿನ ಯೋಗ ಕಲಿಯುವುದು, ಅದನ್ನು ಬಿಡು. ನನಗೆ ನಿನ್ನ ಹತ್ತಿರ ಬರುವ ಆಸೆ. ಲಿಂಗ ಕಟ್ಟಿಕೊಂಡೇ ಕಲಿಯಲು ಅಲ್ಲಿ ಬಿಡುತ್ತಾರಾ? ಅದೊಂದನ್ನು ಕೇಳಿ ಬರೆ.

ನಿನ್ನ ತಂಗಿ
ಪಲ್ಲವಿ

*

ಹೊನ್ನಾವರ
3 ಆಗಸ್ಟ್ 2024

ಪಲ್ಲು ಮೇಡಂ,

ಏನೇ ಇದು, ನೀಲಿ ಇಂಕಿನಲ್ಲಿ ಬೈಗುಳ? ಪೋಸ್ಟ್‌ಮ್ಯಾನ್ ಕಾಗದ ಕೊಡುವಾಗ ನನ್ನ ಮುಖವನ್ನೇ ನೋಡಿದ, ಈ ಕಾಲದಲ್ಲೂ ಇವಳಿಗೆ ಕಾಗದ ಬರೆಯುವವರು ಇದ್ದಾರಲ್ಲ ಅಂತ.

ಇಲ್ಲಿ ಮಳೆ. ಶರಾವತಿ ಕೆಂಪಗೆ ತುಂಬಿ ಹರಿಯುತ್ತಿದೆ. ಹಲಗೆಗಳನ್ನೆಲ್ಲ ಗಾಳಿ ಬಿಟ್ಟು ಸುತ್ತಿ ಶೆಡ್ಡಿನಲ್ಲಿ ಒಟ್ಟಿದ್ದೇವೆ. ಸೆಪ್ಟೆಂಬರ್ ಕಳೆಯುವ ತನಕ ನೀರಿಗಿಳಿಯುವಂತಿಲ್ಲ. ನಾನು ತಿನ್ನುವುದು, ಮಲಗುವುದು, ದಪ್ಪಗಾಗುವುದು, ಇಷ್ಟೇ ಕೆಲಸ.

ನಿನ್ನ ರೆಸಾರ್ಟ್ ಸುದ್ದಿ ಕೇಳಿ ಖುಷಿಯಾಯಿತು ಕಣೇ. ಆದರೆ ಇಲ್ಲಿಯ ಕೋರ್ಸು ನಿನಗಲ್ಲ. ನಮಗೆಲ್ಲ ಕಲಿಸುವವರು ಮೋಹನ್‌ಕುಮಾರ್ ಸರ್. ಮೊದಲ ದಿನವೇ ಹಲಗೆಯಿಂದ ನೀರಿಗೆ ತಳ್ಳುತ್ತಾರೆ. ಬೀಳುವುದು, ಮೇಲೆ ಹತ್ತುವುದು, ಬಿದ್ದವರನ್ನು ಎಳೆದುಕೊಳ್ಳುವುದು, ಇದೇ ಆಗುತ್ತದೆ ಮೊದಮೊದಲು. ಆಸನದ ಮಾತು ಆಮೇಲೆ. ಕತ್ತಿನಲ್ಲಿ ಒಂದು ದಾರವೂ ಇರಬಾರದು. ತಾಳಿ ಇದ್ದರೆ ಅದನ್ನೂ ತೆಗೆಸುತ್ತಾರೆ. ನನ್ನ ಲಿಂಗವನ್ನೂ ತೆಗೆಸಿದರು, ಏನು ಮಾಡುವುದು, ಅವರ ರೂಲ್ಸು.

ನಿಮ್ಮ ಮಾವನ ಷರತ್ತಿಗೆ ಬೆಂಗಳೂರಿನ ಈಜುಕೊಳವೇ ಸರಿ. ಅಲ್ಲಿ ಹಲಗೆಗಳನ್ನು ದಡಕ್ಕೆ ಕಟ್ಟಿರುತ್ತಾರೆ. ಯಾರೂ ಬೀಳುವುದಿಲ್ಲ, ಮೈ ಕೂಡ ನೆನೆಯುವುದಿಲ್ಲ. ಸರ್ಟಿಫಿಕೇಟ್ ಎರಡಕ್ಕೂ ಒಂದೇ ಬೆಲೆ. ಸುಮ್ಮನೆ ಅದಕ್ಕೆ ಸೇರು. ಮತ್ತೆ, ಅಮ್ಮನ ಹತ್ತಿರ ಈ ಲಿಂಗದ ಮಾತೆಲ್ಲ ಎತ್ತಬೇಡ. ಅವಳಿಗೆ ಬಿ.ಪಿ.

ತೇಜು

*

ತುಮಕೂರು
16 ಆಗಸ್ಟ್ 2024

ತೇಜಕ್ಕನಿಗೆ ಶರಣು.

ಎತ್ತಬೇಡ ಅಂದೆ, ನಾನು ಎತ್ತಲಿಲ್ಲ. ದೊಡ್ಡಮ್ಮನೇ ಎತ್ತಿದರು. ಶ್ರಾವಣ ಸೋಮವಾರ ಗುಬ್ಬಿಗೆ ಹೋಗಿದ್ದೆ. ನಿಮ್ಮಮ್ಮ ಹೋಳಿಗೆಗೆ ಹಿಟ್ಟು ನಾದುತ್ತಾ ಕೂತವರು, "ನಮ್ ತೇಜುಗೆ ಅಲ್ಲಿ ಬಲವಂತವಾಗಿ ತೆಗ್ಸುಬುಟ್ರಂತೆ ಕಣವ್ವ. ಅದೇನ್ ಜನಾನೋ. ಪಾಪ, ರೂಮಲ್ಲಿ ಇಟ್ಕೊಂಡು ದಿನಾ ಪೂಜೆ ಮಾಡ್ತದಂತೆ ಮಗ" ಅಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೂ ಕಣ್ಣು ತುಂಬಿತು. ಹೊಟ್ಟೆಪಾಡಿಗೆ ಏನೆಲ್ಲ ಒಪ್ಪಿಕೊಂಡಿದ್ದೀಯ ಅನ್ನಿಸಿತು.

ಆದರೂ ಇನ್ನೊಂದು ಸಲ ಕೇಳುತ್ತೇನೆ, ಸಿಟ್ಟಾಗಬೇಡ. ಕತ್ತಿನಲ್ಲಿ ಬೇಡವೆಂದರೆ ತೋಳಿಗೆ ಕಟ್ಟಿಕೊಳ್ಳಬಹುದಲ್ಲ? ನಮ್ಮಲ್ಲಿ ಅದೂ ಪದ್ಧತಿಯೇ. ತೋಳಿಗೆ ಬಿಗಿಯಾಗಿ ವಸ್ತ್ರ ಸುತ್ತಿ, ಮೇಲೆ ತುಂಬುತೋಳಿನ ಈಜುಡುಗೆ ಹಾಕಿಕೊಂಡರೆ ಯಾರಿಗೆ ಏನು ತೊಂದರೆ? ಬೆಂಗಳೂರಿನವರ ವಿಡಿಯೋ ನೋಡಿದೆ. ಎಲ್ಲ ಚೆಂದ, ಆದರೆ ಅಲ್ಲಿ ನೀರೇ ಅಲ್ಲಾಡುವುದಿಲ್ಲ. ಕುಣಿಗಲ್ ಕೆರೆ ಹಾಗಿರುತ್ತದಾ? ನನಗೆ ಯಾಕೋ ನಿನ್ನ ಸರ್ ಹತ್ತಿರವೇ ಕಲಿಯಬೇಕು ಅನ್ನಿಸುತ್ತಿದೆ. ಅವರ ನಂಬರ್ ಕಳಿಸು, ನಾನೇ ಮಾತಾಡುತ್ತೇನೆ.

ಪಲ್ಲವಿ

*

ಹೊನ್ನಾವರ
7 ಸೆಪ್ಟೆಂಬರ್ 2024

ಪಲ್ಲು,

ನಂಬರ್ ಯಾಕೆ? ನನ್ನ ಮಾತಿನ ಮೇಲೆ ನಂಬಿಕೆ ಇಲ್ಲವಾ? ತೋಳಿಗೂ ಬಿಡುವುದಿಲ್ಲ. ಕೇಳಿಯೇ ಹೇಳುತ್ತಿದ್ದೇನೆ. ನೀನು ಬಂದು ಅವರ ಹತ್ತಿರ ವಾದ ಮಾಡಿದರೆ ಇಲ್ಲಿ ನನ್ನ ಮರ್ಯಾದೆ ಹೋಗುತ್ತದೆ, ಅಷ್ಟೇ. ಬೆಂಗಳೂರಿಗೆ ಹೋಗು. ಅಮ್ಮನ ಮುಂದೆ ಸುಮ್ಮನಿರು.

ತೇಜು

*

ತುಮಕೂರು
22 ಅಕ್ಟೋಬರ್ 2024

ತೇಜಕ್ಕನಿಗೆ ಶರಣು.

ಆಯಿತು! ನಿನ್ನ ಮಾತು ಕೇಳಿದ್ದಕ್ಕೆ ಎಲ್ಲ ಸಲೀಸಾಗಿ ಆಯಿತು. ಬೆಂಗಳೂರಿನ ಕೋರ್ಸು ಮುಗಿಸಿ ಸರ್ಟಿಫಿಕೇಟ್ ತಂದಿದ್ದೇನೆ. ವೃಕ್ಷಾಸನ, ವೀರಭದ್ರಾಸನ ಎಲ್ಲ ಹಲಗೆಯ ಮೇಲೆ ಮಾಡಿ ತೋರಿಸಿದೆ. ಒಂದು ಸಲವೂ ಬೀಳಲಿಲ್ಲ. ಕಲಿಸುವ ಹುಡುಗಿ "ವಾವ್, ಯು ಆರ್ ಎ ನ್ಯಾಚುರಲ್" ಅಂದಳು. ಲಿಂಗ ಎದೆಯ ಮೇಲೇ ಇತ್ತು, ಒಂದು ಹನಿ ನೀರು ತಾಗಲಿಲ್ಲ. ಮಾವನಿಗೆ ವೀರಭದ್ರಾಸನದ ಫೋಟೊ ತೋರಿಸಿದರೆ, "ನನ್ ಹೆಸ್ರು ನೀರಿನ್ ಮ್ಯಾಲೂ ನಿಂತುಬುಡ್ತಲ್ಲ" ಎಂದು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡೇ ಇರಲಿಲ್ಲ.

ಈ ಸಲ ಕುಣಿಗಲ್ ಕೆರೆ ಚೆನ್ನಾಗಿ ತುಂಬಿದೆ. ಮುಂದಿನ ತಿಂಗಳ ಕೊನೆಗೆ ನಾನು ರೆಸಾರ್ಟಿನವರ ಮುಂದೆ ಕೆರೆಯಲ್ಲಿ ಮಾಡಿ ತೋರಿಸಬೇಕು. ಸರಿಹೋದರೆ ಸಂಕ್ರಾಂತಿಯಿಂದ ಕೆಲಸ. ಕೆರೆ ದಂಡೆಯ ಮೇಲೆ ಬೋರ್ಡು ಹಾಕುತ್ತಾರಂತೆ, 'ಪಲ್ಲವಿ, ಪ್ಯಾಡಲ್‌ಬೋರ್ಡ್ ಯೋಗ ಶಿಕ್ಷಕಿ' ಅಂತ. ಬಿಂದುಶ್ರೀ ಮೇಡಂ ಮಾದರಿ ಕೂಡ ಕಳಿಸಿದ್ದಾರೆ. ದಿನಕ್ಕೆ ಎಷ್ಟು ಸಲ ತೆಗೆದು ನೋಡುತ್ತೇನೋ ನನಗೇ ನಾಚಿಕೆ.

ಪಲ್ಲವಿ

*

ಹೊನ್ನಾವರ
4 ನವೆಂಬರ್ 2024

ಪಲ್ಲು,

ಸಂತೋಷ ಕಣೇ. ಆದರೆ ಇದನ್ನು ನಿಧಾನಕ್ಕೆ ಕೂತು ಓದು. ಈಜುಕೊಳ ಬೇರೆ, ಕೆರೆ ಬೇರೆ. ಬಿಸಿಲೇರುತ್ತಿದ್ದಂತೆ ಗಾಳಿ ಏಳುತ್ತದೆ. ನೀನು ಬಿದ್ದೇ ಬೀಳುತ್ತೀಯ. ಬೀಳುವಾಗ ಹಲಗೆಯನ್ನು ಹಿಡಿದುಕೊಳ್ಳಲು ಹೋಗಬೇಡ. ಹಲಗೆಯಿಂದ ದೂರಕ್ಕೆ, ಬೆನ್ನು ಕೆಳಗೆ ಮಾಡಿ ಬೀಳಬೇಕು. ಇದು ಹೇಳಿದರೆ ಬರುವುದಿಲ್ಲ, ನೂರು ಸಲ ಬಿದ್ದರೆ ಬರುತ್ತದೆ. ತೋರಿಸುವುದನ್ನು ಒಂದು ತಿಂಗಳು ಮುಂದಕ್ಕೆ ಹಾಕು. ಅಲ್ಲಿವರೆಗೆ ದಡದ ಹತ್ತಿರ ಬರೀ ಬೀಳುವುದನ್ನು ಅಭ್ಯಾಸ ಮಾಡು. ಅವತ್ತು ಕತ್ತಿನಲ್ಲಿರುವುದನ್ನು ಬಿಚ್ಚಿಟ್ಟು ಹೋಗು. ಶಿವನೇನೂ ಸಿಟ್ಟಾಗುವುದಿಲ್ಲ.

ತೇಜು

*

ತುಮಕೂರು
15 ನವೆಂಬರ್ 2024

ತೇಜಕ್ಕ,

ಮೈ ಕೂಡ ನೆನೆಯುವುದಿಲ್ಲ, ಸುಮ್ಮನೆ ಸೇರು ಅಂದವಳು ನೀನು. ಸರ್ಟಿಫಿಕೇಟ್ ಎರಡಕ್ಕೂ ಒಂದೇ ಬೆಲೆ ಅಂದವಳೂ ನೀನೇ. ಈಗ ನನಗೆ ಕೆಲಸ ಸಿಗುವ ಹೊತ್ತಿಗೆ ಬಿದ್ದೇ ಬೀಳುತ್ತೀಯ ಎಂದು ಶಾಪ ಹಾಕುತ್ತೀಯ? ಮುಂದಕ್ಕೆ ಹಾಕಿದರೆ ಬೇರೆಯವರನ್ನು ಕರೆಯುತ್ತಾರೆ, ಅದು ನಿನಗೆ ಗೊತ್ತಿಲ್ಲದ್ದೇನಲ್ಲ. ಚಿಕ್ಕಂದಿನಿಂದ ನೀನು ಮುಂದೆ, ನಾನು ಹಿಂದೆ. ಒಂದು ಸಲ ನಾನು ಮುಂದೆ ಬಂದರೆ ನಿನಗೆ ಹೊಟ್ಟೆಕಿಚ್ಚು. ಹೇಳಬಾರದಿತ್ತು, ಹೇಳಿಬಿಟ್ಟೆ.

ಲಿಂಗ ಬಿಚ್ಚಿಡು ಅನ್ನುವುದಕ್ಕೆ ನಿನಗೆ ಬಾಯಿ ಹೇಗೆ ಬಂತು? ಬಲವಂತಕ್ಕೆ ತೆಗೆದಿಟ್ಟ ನೋವು ಗೊತ್ತಿದ್ದವಳಲ್ಲವಾ ನೀನು?

ಪಲ್ಲವಿ

*

ಹೊನ್ನಾವರ
20 ಡಿಸೆಂಬರ್ 2024

ಪಲ್ಲು,

ಈಗ ಅಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ಕೆರೆಯಲ್ಲಿ ಬಿದ್ದೆಯಂತೆ, ಲಿಂಗ ನೀರುಪಾಲಾಯಿತಂತೆ, ಅವತ್ತಿನಿಂದ ಮನೆಯಿಂದ ಹೊರಗೇ ಬಂದಿಲ್ಲವಂತೆ. ಜೀವಕ್ಕೇನೂ ಆಗಲಿಲ್ಲವಲ್ಲ, ಅದು ದೊಡ್ಡದು. ಎಷ್ಟು ಸಲ ಕಾಲ್ ಮಾಡಿದೆ, ನಿನ್ನ ಫೋನ್ ಸ್ವಿಚ್ಚಾಫ್.

ಇನ್ನೊಂದು ವಿಷಯವನ್ನು ಬೇರೆಯವರಿಂದ ಕೇಳುವುದಕ್ಕಿಂತ ನಾನೇ ಹೇಳುತ್ತೇನೆ. ಬಿಂದುಶ್ರೀ ಮೇಡಂ ನನಗೆ ಫೋನ್ ಮಾಡಿದ್ದರು. ನನ್ನ ಹೆಸರನ್ನು ನೀನೇ ಹಿಂದೆ ಹೇಳಿದ್ದೆಯಂತೆ, ನಮ್ಮಕ್ಕ ಹೊನ್ನಾವರದಲ್ಲಿ ಟೀಚರ್ ಅಂತ. ಆ ಕೆಲಸಕ್ಕೆ ಬನ್ನಿ ಅಂದರು. ನಾನು ಇನ್ನೂ ಒಪ್ಪಿಲ್ಲ. ನೀನು ಬೇಡ ಅನ್ನು, ಬಿಟ್ಟುಬಿಡುತ್ತೇನೆ. ಒಂದೇ ಒಂದು ಸಾಲು ಬರೆ.

ತೇಜು

*

ಕುಣಿಗಲ್
18 ಜನವರಿ 2025

ಪಲ್ಲು,

ವಿಳಾಸ ನೋಡಿದಾಗಲೇ ನಿನಗೆ ತಿಳಿದಿರುತ್ತದೆ. ನೀನು ಉತ್ತರ ಬರೆಯಲಿಲ್ಲ. ಬೇಡ ಅನ್ನಲಿಲ್ಲವೆಂದರೆ ಆಗಲಿ ಅಂದ ಹಾಗೆ ಅಂದುಕೊಂಡೆ. ನಾನು ಬಿಟ್ಟಿದ್ದರೆ ಯಾರೋ ಮೂರನೆಯವರು ಬರುತ್ತಿದ್ದರು, ಅದರಿಂದ ನಿನಗೇನು ಸಿಗುತ್ತಿತ್ತು? ಅಮ್ಮನಿಗೂ ಹತ್ತಿರವಾಯಿತು. ಮೊನ್ನೆ ನಿನ್ನನ್ನು ನೋಡೋಣವೆಂದು ತುಮಕೂರಿನ ಬಸ್‌ಸ್ಟ್ಯಾಂಡಿನವರೆಗೂ ಬಂದೆ. ಅಷ್ಟರಲ್ಲಿ ಗುಬ್ಬಿ ಬಸ್ಸು ಹೊರಟಿತ್ತು, ಹತ್ತಿಬಿಟ್ಟೆ. ಅಮ್ಮ ಲಿಂಗ ಎಲ್ಲಿ ಅಂದಳು, ಕುಣಿಗಲ್ ರೂಮಿನಲ್ಲಿದೆ ಅಂದೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಬೆಳಗಿನ ಹೊತ್ತು ಕೆರೆ ತುಂಬ ಶಾಂತ. ಸಿಟ್ಟು ಇಳಿದ ಮೇಲೆ ಬಾ.

ತೇಜು

*

ತುಮಕೂರು
16 ಫೆಬ್ರವರಿ 2025

ತೇಜಸ್ವಿನಿ,

ನಿನ್ನ ಡಿಸೆಂಬರಿನ ಕಾಗದವನ್ನು ನಾನು ಒಡೆದದ್ದು ಸಂಕ್ರಾಂತಿ ಆದ ಮೇಲೆ. ಅಷ್ಟು ದಿನ ಅದು ದೇವರ ಮನೆಯ ಗೂಡಿನಲ್ಲಿ ಬಿದ್ದಿತ್ತು. ಯಾರ ಮಾತೂ ಬೇಡವಾಗಿತ್ತು ನನಗೆ. ಅದನ್ನು ನೀನು ಒಪ್ಪಿಗೆ ಅಂದುಕೊಂಡೆ. ಇರಲಿ.

ಕೆರೆಯಲ್ಲಿ ಏನಾಯಿತೆಂದು ನೀನು ಇವತ್ತಿಗೂ ಕೇಳಲಿಲ್ಲ. ಕೇಳು. ಬೆಳಿಗ್ಗೆ ಎಲ್ಲ ಚೆನ್ನಾಗಿತ್ತು. ದಂಡೆಯ ಮೇಲೆ ರೆಸಾರ್ಟಿನವರು, ಅವರ ಜೊತೆ ಹೊಸ ಪಂಚೆ ಉಟ್ಟು ನಮ್ಮ ಮಾವ. ನಾನು ವೀರಭದ್ರಾಸನಕ್ಕೆ ನಿಂತೆ, ಮಾವ ಕೈಯೆತ್ತಿದರು. ಆಗ ಗಾಳಿ ಬಂತು. ಹಲಗೆ ಅಡ್ಡಕ್ಕೆ ತಿರುಗಿತು. ನೀನು ಹೇಳಿದ್ದು ನೆನಪಿಗೆ ಬಂತು, ದೂರಕ್ಕೆ ಬೀಳು ಅಂತ. ಆದರೆ ಮೈಗೆ ಗೊತ್ತಿರಲಿಲ್ಲ. ಮೈ ಹಲಗೆಯನ್ನೇ ತಬ್ಬಿಕೊಂಡಿತು. ಹಲಗೆಯ ತುದಿಯಲ್ಲಿ ಹಗ್ಗ ಕಟ್ಟಲು ಒಂದು ಸ್ಟೀಲ್ ಬಳೆ ಇರುತ್ತದಲ್ಲ, ಶಿವದಾರ ಅದಕ್ಕೆ ಸಿಕ್ಕಿ ಹರಿಯಿತು. ಎದೆ ಹಗುರಾದದ್ದು ಗೊತ್ತಾಯಿತು. ಕೈ ಚಾಚುವಷ್ಟರಲ್ಲಿ ಇಲ್ಲ.

ಮಾವ ಹೊಸ ಪಂಚೆಯಲ್ಲೇ ನೀರಿಗಿಳಿದರು. ಆ ವಯಸ್ಸಿನಲ್ಲಿ, ಈಜು ಬಾರದ ಮನುಷ್ಯ, ಕುತ್ತಿಗೆಮಟ್ಟ ನೀರಿನಲ್ಲಿ ನಿಂತು ಕಾಲಲ್ಲಿ ಕೆಸರು ತಡಕಿದರು. ಸಂಜೆಯವರೆಗೆ ಎಲ್ಲರೂ ಹುಡುಕಿದರು. ಆಮೇಲೆ ಮಾವ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, "ಸಾಕು ಬುಡವ್ವ. ಇನ್ನು ನೀರಿನ್ ಸಾವಾಸ ಬ್ಯಾಡ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಗುಬ್ಬಿ ಮಠದ ಅಯ್ಯನವರು ಶ್ರೀಶೈಲಕ್ಕೆ ಹೋಗಿದ್ದರು. ಅವರು ಬಂದು ಹೊಸ ಲಿಂಗ ಕಟ್ಟುವವರೆಗೆ ನಾನು ಹಾಲು ಹಣ್ಣು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಕಟ್ಟುವಾಗ ಮಾವನ ಎದುರಿಗೆ ಮಾತು ಕೊಟ್ಟೆ, ಇನ್ನು ಕೆರೆಗೆ ಇಳಿಯುವುದಿಲ್ಲ ಅಂತ. ಈಗ ಮತ್ತೆ ಭಾವನ ಬೋರ್ಡಿನ ಕೆಳಗೆ ಪಾಠ ಮಾಡುತ್ತಿದ್ದೇನೆ.

ನೀನು ಕುಣಿಗಲ್ಲಿಗೆ ಬಂದ ಸುದ್ದಿ ತಿಳಿದ ಮೇಲೆ ನನ್ನ ಸಿಟ್ಟೆಲ್ಲ ನಿನ್ನ ಸರ್ ಮೇಲೆ ತಿರುಗಿತು. ಬಿಂದುಶ್ರೀ ಮೇಡಂ ಹತ್ತಿರ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. ಲಿಂಗ ಕಟ್ಟಿಕೊಂಡವರಿಗೆ ಜಾಗ ಇಲ್ಲವೆಂದು ಹೇಳಲು ನೀವು ಯಾರು ಅಂತ ಕೇಳಿಯೇಬಿಟ್ಟೆ. ಮೋಹನ್‌ಕುಮಾರ್ ಅವರು, "ಯಾರಮ್ಮ ನಿಮಗೆ ಹಂಗೆ ಹೇಳಿದ್ದು? ಎಷ್ಟೋ ಹೆಣ್ಮಕ್ಕಳು ತೋಳಿಗೆ ಕಟ್ಕೊಂಡೇ ನಮ್ಮಲ್ಲಿ ಕಲ್ತವ್ರೆ. ನಿಮ್ಮಕ್ಕಾನೇ ಮೊದಲ್ನೇ ದಿನ ತೆಗೆದು ಆಫೀಸ್ ಬೀರುವಲ್ಲಿಟ್ರು. ಆಮೇಲೆ ಅದನ್ನ ಕೇಳ್ಲೇ ಇಲ್ಲ. ಇಲ್ಲಿಂದ ಹೋಗುವಾಗ್ಲೂ ಬಿಟ್ಟೇ ಹೋದ್ರು. ನಂಗೆ ನಿಮ್ಮ ಪದ್ಧತಿ ಗೊತ್ತಿಲ್ಲ, ಸುಮ್ನೆ ದಿನಾ ಒಂದು ಹೂವ ಇಡ್ತಿದೀನಿ" ಅಂದರು.

ನಾನು ಹೊನ್ನಾವರಕ್ಕೆ ಹೋದೆ. ಮನೆಯಲ್ಲಿ ಗುಬ್ಬಿಗೆ ಎಂದು ಹೇಳಿ ಹೋದೆ. ನೋಡು, ನನಗೂ ಸುಳ್ಳು ಬಂತು. ಬೀರು ತೆಗೆದರು. ನಿನ್ನ ಕರಡಿಗೆ ಅಲ್ಲಿತ್ತು. ದಾರ ಗೆದ್ದಲು ತಿಂದು ಹೋಗಿತ್ತು, ಮೇಲೊಂದು ದಾಸವಾಳ ಇತ್ತು. ಆಮೇಲೆ ಅವರು, ಬಂದದ್ದು ಬಂದಿದ್ದೀರಿ ಎಂದು ನನ್ನನ್ನು ನೀರಿಗೆ ಕರೆದರು. ಮಾತು ಕೊಟ್ಟಿದ್ದು ಕೆರೆಗೆ, ಇದು ಹೊಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೊಸ ಲಿಂಗವನ್ನು ತೋಳಿಗೆ ಬಿಗಿದುಕೊಂಡು ಹಲಗೆ ಹತ್ತಿದೆ. ತಳ್ಳಿದರು, ಬಿದ್ದೆ. ಹತ್ತಿದೆ, ಮತ್ತೆ ತಳ್ಳಿದರು. ಮಧ್ಯಾಹ್ನದ ಹೊತ್ತಿಗೆ ಬೀಳುವುದು ಬಂತು ಅಕ್ಕ. ಅಷ್ಟೇ ಅದು. ಒಂದು ಬೆಳಗಿನ ಕೆಲಸ. ಲಿಂಗ ಇದ್ದಲ್ಲೇ ಇತ್ತು. ದಡದ ಮೇಲೆ ಕೂತು ನಾನು ಅತ್ತದ್ದನ್ನು ನೋಡಿ ಅವರು ನನಗೆ ಏಟಾಯಿತೇನೋ ಅಂದುಕೊಂಡರು.

ನೀನು ಲಿಂಗ ಬಿಚ್ಚಿಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ಅದು ನೀನುಂಟು, ಶಿವನುಂಟು. ಬೇಡವಾಗಿತ್ತು, ತೆಗೆದೆ ಎಂದು ನನಗೊಬ್ಬಳಿಗೆ ಹೇಳಿದ್ದರೆ ನಾನು ದೊಡ್ಡಮ್ಮನ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ. ನಿಮ್ಮಮ್ಮನಿಗೆ ಹೇಳಿದ ಒಂದು ಸುಳ್ಳು ಬಯಲಾದೀತೆಂದು ನೀನು ನನ್ನನ್ನು ಬೀಳುವುದನ್ನೇ ಕಲಿಸದ ಕಡೆಗೆ ಕಳಿಸಿದೆ. ನಾನು ಬೀಳುತ್ತೇನೆಂದು ನಿನಗೆ ಗೊತ್ತಿತ್ತು. ಆಮೇಲೆ ನಾನು ಬಿದ್ದ ಜಾಗದಲ್ಲೇ ನೀನು ಹೋಗಿ ನಿಂತುಕೊಂಡೆ.

ಎಲ್ಲವನ್ನೂ ಹೇಳಿಬಿಡಬೇಕೆಂದೇ ನಿನ್ನ ಕರಡಿಗೆ ತೆಗೆದುಕೊಂಡು ಗುಬ್ಬಿಗೆ ಹೋದೆ. ದೊಡ್ಡಮ್ಮ ಹುರುಳಿ ಕೇರುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈಯಲ್ಲಿದ್ದುದನ್ನು ನೋಡಿದರು. ಎರಡೂ ಒಂದೇ ಅಚ್ಚಲ್ಲವಾ, ಗುರುತಿಗೆ ದಾರವೂ ಇರಲಿಲ್ಲ. ಮೊರ ಪಕ್ಕಕ್ಕಿಟ್ಟು ಎದ್ದು ಬಂದು, "ಸಿಕ್ತೇನವ್ವ ನಿಂದು? ಕೆರೆ ವಾಪಸ್ ಕೊಡ್ತಾ?" ಅಂದರು. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ನಾನು ಬಿದ್ದ ಸುದ್ದಿ ತಿಳಿದಾಗಿನಿಂದ ಸೋಮವಾರ ಒಪ್ಪೊತ್ತು ಇದ್ದರಂತೆ, ಅದು ಸಿಗಲಿ ಎಂದು. "ಬಿಚ್ಚಿಡ್ದೆ ಕಟ್ಕೊಂಡೇ ಬಿದ್ದೆ ನೋಡು, ಅದ್ಕೇ ಕೊಟ್ಟ ಶಿವ. ನಮ್ ತೇಜೂಗೂ ಹಿಂಗೇ ಒಳ್ಳೇದ್ ಮಾಡ್ಲಿ" ಅಂದರು.

ನನಗೆ ಹೇಳಲಾಗಲಿಲ್ಲ. ಹೂಂ ದೊಡ್ಡಮ್ಮ, ಸಿಕ್ಕಿತು ಅಂದೆ.

ನನಗೆ ಹೊಸದು ಆಗಿರುವುದರಿಂದ ಹಳೆಯದನ್ನು ಮಠಕ್ಕೆ ಒಪ್ಪಿಸಬೇಕೆಂದು ಅವರೇ ನನ್ನನ್ನು ಕರೆದುಕೊಂಡು ಹೋದರು. ಅಯ್ಯನವರು ಬಿಳಿ ಬಟ್ಟೆಯಲ್ಲಿ ಸುತ್ತಿ ಗದ್ದುಗೆಯ ಪಕ್ಕದ ಗೂಡಿನಲ್ಲಿ ಇಟ್ಟರು. ನಿನ್ನದು ಈಗ ಅಲ್ಲಿದೆ, ನನ್ನ ಹೆಸರಿನಲ್ಲಿ. ದೊಡ್ಡಮ್ಮ ದಿನಾ ಸಂಜೆ ಹೋಗಿ ಅದಕ್ಕೆ ಕೈಮುಗಿದು ಬರುತ್ತಾರೆ. ನಿನ್ನ ಲಿಂಗ ಕುಣಿಗಲ್ ರೂಮಿನಲ್ಲಿದೆಯೆಂದು ಊರಿಗೆಲ್ಲ ಹೇಳುತ್ತಾರೆ.

ಬೇಕಾದರೆ ಹೋಗಿ ತೆಗೆದುಕೋ. ಕದ್ದು ತರಲು ಆಗುವುದಿಲ್ಲ, ಅಯ್ಯನವರು ಎದುರಿಗೇ ಕೂತಿರುತ್ತಾರೆ. ನಿಮ್ಮಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅದು ಪಲ್ಲವಿಯದಲ್ಲ, ನನ್ನದು ಎಂದು ಹೇಳಬೇಕು. ಹೇಳಿದರೆ ಕೊಡುತ್ತಾರೆ. ತುಮಕೂರಿನಲ್ಲಿ ಬಸ್ಸು ಬದಲಾಯಿಸುವಾಗ ನಮ್ಮ ಮನೆಯ ಕಡೆ ಬರಬೇಡ.

ಪಲ್ಲವಿ